ಡಿಸೆಂಬರ್ ಬಂತು, ಒಳಗಿರುವವರಿಗೆ ಒಂದು ಕಾಗದ ಹಾಕಿ

ನಮಗೆ ಡಿಸೆಂಬರ್ ಅಂದರೆ ಅವರೆಕಾಯಿ, ಕೇಕು, ವರ್ಷದ ಕೊನೆಯ ರಜೆ. ಜೈಲಿನಲ್ಲಿರುವವರಿಗೂ ಡಿಸೆಂಬರ್ ಅಂದರೆ ರಜೆಯೇ, ಆದರೆ ಆ ರಜೆ ಅವರದ್ದಲ್ಲ, ಕೋರ್ಟಿನದು. ಸುಪ್ರೀಂ ಕೋರ್ಟ್ ಕ್ರಿಸ್‌ಮಸ್‌ಗೆ ಮೊದಲೇ ಮುಚ್ಚುತ್ತದೆ, ಹೊಸ ವರ್ಷ ಬಂದ ಮೇಲೆ ತೆರೆಯುತ್ತದೆ. ಹೈಕೋರ್ಟುಗಳದ್ದೂ ಹೆಚ್ಚುಕಡಿಮೆ ಅದೇ ಕತೆ. ನಮ್ಮ ಹೈಕೋರ್ಟಿಗೆ ದಸರಾ ರಜೆಯೂ ಉಂಟು, ಮುಂಬೈಯವರಿಗೆ ದೀಪಾವಳಿ ರಜೆ. ಕೆಲವೊಮ್ಮೆ ರಜೆಯಲ್ಲೂ ಒಂದು ಪೀಠ ಕೂರುತ್ತದೆ ನಿಜ, ಆದರೆ ಅದು ಕೇಳುವುದು ತುರ್ತಿನ ಕೇಸುಗಳನ್ನು. ಎರಡು ಮೂರು ವರ್ಷದಿಂದ ಒಳಗಿರುವ ಮನುಷ್ಯನ ಜಾಮೀನು ಅರ್ಜಿ ತುರ್ತಿನ ಲೆಕ್ಕಕ್ಕೆ ಬರುವುದು ಅಪರೂಪ. ಅಷ್ಟು ದಿನ ಕಾದಿದ್ದಾರೆ, ಇನ್ನೆರಡು ವಾರ ಕಾಯಲಿ ಬಿಡಿ ಅಂತ.

ಕೋರ್ಟಿಗೆ ಮಾತ್ರ ರಜೆ ಅಂದುಕೊಳ್ಳಬೇಡಿ. ಸರ್ಕಾರಿ ರಜೆಯ ದಿನ ಜೈಲಿನಲ್ಲಿ ಸಾಮಾನ್ಯವಾಗಿ ಭೇಟಿ ಇರುವುದಿಲ್ಲ. ಅಂಚೆ ಬರುವುದಿಲ್ಲ. ಮನಿ ಆರ್ಡರ್ ಬಂದಿದ್ದರೂ ಖಾತೆಗೆ ಹಾಕಬೇಕಾದ ಗುಮಾಸ್ತ ರಜೆಯಲ್ಲಿರುತ್ತಾನೆ. ವಕೀಲರು ಊರಿಗೆ ಹೋಗಿರುತ್ತಾರೆ. ಹಬ್ಬದ ದಿನ ಒಳಗೆ ಸಿಹಿ ಊಟ ಕೊಡಬಹುದು, ಆದರೆ ಸಂಜೆ ಬೆಳಕಿರುವಾಗಲೇ ಬ್ಯಾರಕ್‌ಗೆ ಬೀಗ ಬೀಳುತ್ತದೆ. ಡಿಸೆಂಬರ್ 31ಕ್ಕೂ ಅಷ್ಟೇ.

ನಾನು ಕೆಲವು ವರ್ಷಗಳಿಂದ ಹೀಗೆ ಒಳಗಿರುವವರಿಗೆ ಕಾಗದ ಬರೆಯುತ್ತಿದ್ದೇನೆ. ಎಲ್ಲರಿಗೂ ಅಲ್ಲ. ಹೋರಾಟ ಮಾಡಿ, ಭಾಷಣ ಮಾಡಿ, ಹಾಡು ಹೇಳಿ, ಬಡವರ ಕೇಸು ವಾದಿಸಿ ಒಳಗೆ ಹೋದ ಕೆಲವರಿಗೆ. ಅವರು ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ ಅಂತಲ್ಲ. ವಿಚಾರಣೆ ಮುಗಿಯದೆ ವರ್ಷಗಟ್ಟಲೆ ಕೂಡಿಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ, ಅಷ್ಟೇ. ಪ್ರತಿ ವರ್ಷ ಈ ಹೊತ್ತಿಗೆ ಯಾರಾದರೂ ಗೆಳೆಯರು "ಏನು ಮಾಡಬಹುದು ಹೇಳು" ಅಂತ ಕೇಳುತ್ತಾರೆ, ಅದಕ್ಕೇ ಈ ಸಲ ಒಟ್ಟಿಗೇ ಬರೆದುಬಿಡೋಣ ಅಂತ ಕೂತಿದ್ದೇನೆ.

2020ರ ನವೆಂಬರ್, ಡಿಸೆಂಬರ್ ನೆನಪಿದೆಯಾ? ಸ್ಟ್ಯಾನ್ ಸ್ವಾಮಿ ಅವರನ್ನು ಅಕ್ಟೋಬರ್ 8ರಂದು ರಾಂಚಿಯಲ್ಲಿ ಎನ್‌ಐಎ, ಅಂದರೆ ರಾಷ್ಟ್ರೀಯ ತನಿಖಾ ದಳ, ಭೀಮಾ ಕೋರೆಗಾಂವ್ ಪ್ರಕರಣದಲ್ಲಿ (ಪುಣೆ ಹತ್ತಿರ 2018ರ ಜನವರಿಯಲ್ಲಿ ಆದ ಗಲಭೆಯ ಕೇಸು) ಬಂಧಿಸಿತು. ಆಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆ, ಕೈ ನಡುಗುತ್ತಿತ್ತು, ಲೋಟ ಎತ್ತಿ ನೀರು ಕುಡಿಯಲು ಆಗುತ್ತಿರಲಿಲ್ಲ. ಹೋರಾಟದ ಸುದ್ದಿಯನ್ನು ಅಷ್ಟಾಗಿ ಓದದ ಬೆಂಗಳೂರಿನವರಿಗೆ ಒಂದು ಮಾತು: ಈ ಪಾದ್ರಿ ನಮ್ಮೂರಿನಲ್ಲೇ ಹತ್ತು ವರ್ಷಕ್ಕೂ ಜಾಸ್ತಿ ಇದ್ದವರು, 1975ರಿಂದ 1986ರವರೆಗೆ ಇಲ್ಲಿನ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್‌ನ ನಿರ್ದೇಶಕರಾಗಿದ್ದರು. ಆಮೇಲೆ ಜಾರ್ಖಂಡ್‌ನ ಆದಿವಾಸಿಗಳ ನಡುವೆ ಉಳಿದರು. ನವಿ ಮುಂಬೈನ ತಲೋಜಾ ಜೈಲಿನಿಂದ ನವೆಂಬರ್ 6ಕ್ಕೆ ಅವರು ಕೋರ್ಟಿಗೆ ಅರ್ಜಿ ಹಾಕಿದರು: ನನಗೆ ಸ್ಟ್ರಾ ಮತ್ತು ಸಿಪ್ಪರ್ (ಹೀರಿ ಕುಡಿಯುವ ಮುಚ್ಚಳದ ಲೋಟ) ಬೇಕು. ಉತ್ತರ ಕೊಡಲು ಎನ್‌ಐಎ 20 ದಿನ ತೆಗೆದುಕೊಂಡಿತು. ಕೊನೆಗೆ, ಅವರ ಸಿಪ್ಪರ್ ನಮ್ಮ ಹತ್ತಿರ ಇಲ್ಲ ಅಂತ ಹೇಳಿತು. ಅರ್ಜಿ ಬಿತ್ತು. ಆಮೇಲೆ ಇನ್ನೊಂದು ಅರ್ಜಿ, ಈ ಸಲ ಸಿಪ್ಪರ್ ಜೊತೆಗೆ ಚಳಿಗೆ ಬೆಚ್ಚನೆಯ ಬಟ್ಟೆಯೂ ಬೇಕು ಅಂತ.

ಆಗ ಜನ ಏನು ಮಾಡಿದರು ಗೊತ್ತಾ, ಆನ್‌ಲೈನ್‌ನಲ್ಲಿ ಸಿಪ್ಪರ್ ಆರ್ಡರ್ ಮಾಡಿ ಡೆಲಿವರಿ ವಿಳಾಸದ ಜಾಗದಲ್ಲಿ ತಲೋಜಾ ಜೈಲು ಅಂತ ಹಾಕಿಬಿಟ್ಟರು! ಆರ್ಡರ್‌ನ ಸ್ಕ್ರೀನ್‌ಶಾಟ್ ತೆಗೆದು ಎಲ್ಲರೂ ಹಂಚಿಕೊಂಡರು. ಇದೆಲ್ಲ ತೋರಿಕೆ, ಹ್ಯಾಶ್‌ಟ್ಯಾಗ್ ಹುಚ್ಚು ಅಂತ ಆಗ ಎಷ್ಟೋ ಜನ ಮೂಗು ಮುರಿದರು. ಇರಬಹುದು. ಆದರೆ ಆ ದಿನಗಳಲ್ಲೇ ಜೈಲಿನವರು ಸಿಪ್ಪರ್ ಕೊಟ್ಟಿದ್ದೇವೆ ಅಂತ ಹೇಳಬೇಕಾಯಿತು. ಹೊರಗಿನವರು ನೋಡುತ್ತಿದ್ದಾರೆ ಅಂತ ಗೊತ್ತಾದರೆ ಜೈಲಿನೊಳಗೆ ಕೆಲವು ಕೆಲಸಗಳು ಬೇಗ ಆಗುತ್ತವೆ, ಇದು ನನ್ನ ಅನುಭವದ ಮಾತೂ ಹೌದು.

ಅದೇ ನವೆಂಬರ್ ಕೊನೆಯಲ್ಲಿ ಅದೇ ಜೈಲಿನಲ್ಲಿ ಪತ್ರಕರ್ತ ಗೌತಮ್ ನವ್ಲಾಖಾ ಅವರ ಕನ್ನಡಕ ಕಳುವಾಯಿತು. ಕನ್ನಡಕ ಇಲ್ಲದೆ ಅವರಿಗೆ ಏನೂ ಕಾಣುವುದಿಲ್ಲ. ಮನೆಯವರು ಹೊಸದು ಮಾಡಿಸಿ ಅಂಚೆಯಲ್ಲಿ ಕಳಿಸಿದರು, ಜೈಲಿನವರು ಪಾರ್ಸೆಲ್ ತೆಗೆದುಕೊಳ್ಳದೆ ವಾಪಸ್ ಕಳಿಸಿದರು. ಡಿಸೆಂಬರ್ 8ಕ್ಕೆ ಮುಂಬೈ ಹೈಕೋರ್ಟ್ ಈ ಸುದ್ದಿಯನ್ನು ತಾನಾಗಿ ಎತ್ತಿಕೊಂಡು, ಎಲ್ಲಕ್ಕಿಂತ ಮಾನವೀಯತೆ ದೊಡ್ಡದು, ಜೈಲು ಅಧಿಕಾರಿಗಳಿಗೆ ಒಂದು ಕಾರ್ಯಾಗಾರ ಮಾಡಬೇಕು ಅಂತ ಹೇಳಿತು. ಒಂದು ಜೊತೆ ಕನ್ನಡಕಕ್ಕೆ ಹೈಕೋರ್ಟ್! ಮುಂದೆ ಇದೇ ನವ್ಲಾಖಾ ಅವರಿಗೆ ಬಂದ ಒಂದು ಹಾಸ್ಯದ ಪುಸ್ತಕವನ್ನೂ ಭದ್ರತೆಯ ಹೆಸರಿನಲ್ಲಿ ತಡೆದಿದ್ದರು. ಅದನ್ನು ಕೇಳಿ ಹೈಕೋರ್ಟಿಗೂ ನಗು ಬಂದಿತ್ತು.

ಸೊಳ್ಳೆ ಪರದೆಯದ್ದು ಇನ್ನೊಂದು ಕತೆ. 2022ರಲ್ಲಿ ತಲೋಜಾದಲ್ಲಿ ಕೈದಿಗಳ ಸೊಳ್ಳೆ ಪರದೆಗಳನ್ನು ಕಿತ್ತುಕೊಂಡರು. ಹಗ್ಗ, ಮೊಳೆಯಿಂದ ಅಪಾಯ ಅಂತ ಕಾರಣ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಒಳಗಿದ್ದ ಹಾಡುಗಾರ ಸಾಗರ್ ಗೋರ್ಖೆ ಇಂಥವಕ್ಕೇ ಉಪವಾಸ ಕೂತರು. ಆ ವರ್ಷದ ನವೆಂಬರ್‌ನಲ್ಲಿ ಅದೇ ಜೈಲಿನ ಇನ್ನೊಬ್ಬ ಕೈದಿ (ಇವನು ಹೋರಾಟಗಾರನಲ್ಲ, ಗ್ಯಾಂಗ್‌ಸ್ಟರ್) ಸತ್ತ ಸೊಳ್ಳೆಗಳನ್ನು ಬಾಟಲಿಗೆ ತುಂಬಿಕೊಂಡು ಬಂದು ನ್ಯಾಯಾಧೀಶರ ಮುಂದೆ ಹಿಡಿದ. ಪರದೆ ಸಿಗಲಿಲ್ಲ. ಓಡೊಮಾಸ್ ಹಚ್ಚಿಕೋ ಅಂದರು.

ಇಷ್ಟೆಲ್ಲ ಯಾಕೆ ಹೇಳಿದೆ ಅಂದರೆ, ಒಳಗಿರುವವರಿಗೆ ಸಹಾಯ ಅಂದಾಗ ನಮ್ಮ ತಲೆಯಲ್ಲಿ ಘೋಷಣೆ, ಮೇಣದ ಬತ್ತಿ, ಪೋಸ್ಟರ್ ಬರುತ್ತವೆ. ಒಳಗೆ ಬೇಕಾಗುವುದು ಸ್ಟ್ರಾ, ಕನ್ನಡಕ, ಓಡೊಮಾಸ್, ಬನಿಯನ್, ಕ್ಯಾಂಟೀನಿನಲ್ಲಿ ಬಿಸ್ಕತ್ತು ಕೊಳ್ಳಲು ಒಂದಿಷ್ಟು ದುಡ್ಡು. ಇವು ಬೇಜಾರಿನ ಕೆಲಸಗಳು. ಫೋಟೋ ತೆಗೆಯುವಂಥದ್ದು ಏನೂ ಇರುವುದಿಲ್ಲ.

ಮೊದಲು ಕಾಗದದ ವಿಷಯ. ವಿಚಾರಣಾಧೀನ ಕೈದಿಗೆ ಕಾಗದ ಬರೆಯುವುದು ಅಪರಾಧ ಅಲ್ಲ. ಹೆದರಬೇಡಿ. ಆದರೆ ನೀವು ಬರೆದದ್ದನ್ನು ಜೈಲಿನ ಸಿಬ್ಬಂದಿ ಓದಿಯೇ ಒಳಗೆ ಕಳಿಸುತ್ತಾರೆ, ಇದನ್ನು ತಲೆಯಲ್ಲಿ ಇಟ್ಟುಕೊಂಡು ಬರೆಯಿರಿ. ಕೇಸಿನ ಬಗ್ಗೆ ಒಂದು ಅಕ್ಷರವೂ ಬೇಡ. ಸಾಕ್ಷಿ, ವಕೀಲರು, ಇನ್ನೊಬ್ಬ ಆರೋಪಿಯ ಹೆಸರು, ಯಾವುದೂ ಬೇಡ. ಕ್ರಾಂತಿ, ವೀರ, ತ್ಯಾಗ ಅಂತ ಉದ್ದುದ್ದ ಬರೆಯುವವರನ್ನು ನೋಡಿದ್ದೇನೆ, ಅದನ್ನು ಓದಿ ಒಳಗಿರುವವರಿಗೆ ಏನಾಗಬೇಕು? ಕಡಲೆಕಾಯಿ ಪರಿಷೆಯಲ್ಲಿ ಈ ಸಲ ಎಷ್ಟು ಜನ, ಸೇರು ಎಷ್ಟಕ್ಕೆ ಮಾರಿದರು, ನಿಮ್ಮ ಬೀದಿಯ ಗುಂಡಿಗೆ ಬಿದ್ದ ಆಟೋ, ಮನೆಯಲ್ಲಿ ಹಿತಕಿದಬೇಳೆ ಸಾರು ಮಾಡಿದ್ದು, ಅತ್ತೆಗೂ ಸೊಸೆಗೂ ಬೇಳೆ ಹಿತುಕುವ ವಿಷಯಕ್ಕೆ ಬಂದ ಜಗಳ, ಇಂಥವು ಬರೆಯಿರಿ. ಒಳಗೆ ದಿನ ದಿನವೂ ಒಂದೇ ಥರ ಇರುವವರಿಗೆ ಹೊರಗಿನ ಒಂದು ಸಾಧಾರಣ ದಿನದ ವಿವರ ಸಿಕ್ಕರೆ ಅದೇ ದೊಡ್ಡದು. ನನಗೆ ಉತ್ತರ ಬಂದಾಗಲೆಲ್ಲ ಅವರು ಕೇಳಿದ್ದು ಇಂಥದ್ದನ್ನೇ. ನಾಯಿ ಮರಿ ಹಾಕಿತಾ, ಮೆಟ್ರೋ ನಿಮ್ಮ ಏರಿಯಾಗೆ ಬಂತಾ ಅಂತ.

ಯಾವ ಭಾಷೆಯಲ್ಲಿ? ನಮ್ಮ ರಾಜ್ಯದ ಜೈಲಾದರೆ ಕನ್ನಡದಲ್ಲಿ ಧಾರಾಳವಾಗಿ ಬರೆಯಿರಿ. ಮಹಾರಾಷ್ಟ್ರ, ದೆಹಲಿಯ ಜೈಲಾದರೆ ಓದಿ ಪಾಸ್ ಮಾಡುವವರಿಗೆ ಕನ್ನಡ ಬರಬೇಕಲ್ಲ. ಅವರಿಗೆ ಓದಲು ಬಾರದ ಕಾಗದ ಮೇಜಿನ ಮೇಲೇ ಕೂರುತ್ತದೆ. ಅಂಥ ಕಡೆಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ನಾಲ್ಕು ಸಾಲು ಸಾಕು. ವ್ಯಾಕರಣ ತಪ್ಪಾದರೆ ಆಗಲಿ ಬಿಡಿ.

ಬರೀ ಗ್ರೀಟಿಂಗ್ ಕಾರ್ಡ್‌ಗಿಂತ ಇನ್‌ಲ್ಯಾಂಡ್ ಲೆಟರ್ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಕಾರ್ಡಿಗೆ ಮಿಂಚು, ಅಂಟು, ದಾರ ಎಲ್ಲ ಇದ್ದರೆ ತಡೆಯಲು ಒಂದು ನೆಪ ಸಿಗುತ್ತದೆ. ತಲುಪಿದ್ದಕ್ಕೆ ದಾಖಲೆ ಬೇಕು ಅನ್ನಿಸಿದರೆ ಸ್ಪೀಡ್ ಪೋಸ್ಟ್ ಮಾಡಿ (ರಿಜಿಸ್ಟರ್ಡ್ ಪೋಸ್ಟ್ 2025ರ ಸೆಪ್ಟೆಂಬರ್‌ನಿಂದ ಅದರ ಜೊತೆಗೇ ಸೇರಿಹೋಗಿದೆ). ವಿಳಾಸದಲ್ಲಿ ಪೂರ್ತಿ ಹೆಸರು, ತಂದೆಯ ಹೆಸರು, ಗೊತ್ತಿದ್ದರೆ ಕೈದಿ ನಂಬರ್, "ಸೂಪರಿಂಟೆಂಡೆಂಟ್ ಅವರ ಮೂಲಕ" ಅನ್ನುವ ಒಂದು ಸಾಲು. ಒಂದೇ ಹೆಸರಿನ ನಾಲ್ಕೈದು ಜನ ಒಂದು ಜೈಲಿನಲ್ಲಿ ಇರುವುದು ಮಾಮೂಲು.

ಪುಸ್ತಕ ಕಳಿಸುವ ಮೊದಲು ಮನೆಯವರನ್ನೋ ವಕೀಲರನ್ನೋ ಕೇಳಿ. ಅದೇ ಭೀಮಾ ಕೋರೆಗಾಂವ್ ಕೇಸಿನಲ್ಲಿ ವಕೀಲೆ ಸುಧಾ ಭಾರದ್ವಾಜ್ ಮುಂಬೈನ ಬೈಕುಲಾ ಜೈಲಿನಲ್ಲಿದ್ದಾಗ ತಿಂಗಳಿಗೆ ಐದು ಪುಸ್ತಕ ಹೊರಗಿನಿಂದ ತರಿಸಿಕೊಳ್ಳಲು ಕೋರ್ಟಿನಿಂದ ಅನುಮತಿ ಪಡೆಯಬೇಕಾಯಿತು, ಅದೂ ಸೂಪರಿಂಟೆಂಡೆಂಟ್ ನೋಡಿದ ಮೇಲೆ. ಆ ಐದರಲ್ಲಿ ನಿಮಗೆ ಇಷ್ಟ ಅಂತ ಕಳಿಸಿದ ಒಂದು ಪುಸ್ತಕ ಅವರ ಪಾಲಿನದ್ದನ್ನು ತಿನ್ನಬಾರದು ಅಲ್ವಾ. ತಿಂಡಿ ಕಳಿಸುವ ಯೋಚನೆ ಬಿಟ್ಟುಬಿಡಿ. ನಾನು ಒಂದು ಜೈಲಿಗೆ ಕಳಿಸಿದ ಪಾರ್ಸೆಲ್ ತಿಂಗಳು ಬಿಟ್ಟು ಹಾಗೇ ವಾಪಸ್ ಬಂತು, ಕಾರಣದ ಜಾಗದಲ್ಲಿ ಒಂದು ಸೀಲು, ಸೀಲಿನಲ್ಲಿ ಏನಿದೆ ಅಂತ ಇವತ್ತಿಗೂ ಓದಲು ಆಗಿಲ್ಲ. ದುಡ್ಡಾದರೆ ಮನೆಯವರ ಕೈಗೆ ಕೊಡಿ. ತಿಂಗಳಿಗೆ ಇಷ್ಟೇ ಅಂತ ಮಿತಿ ಇರುತ್ತದೆ, ಯಾರು ಎಷ್ಟು ಹಾಕಿದ್ದಾರೆ ಅಂತ ಅವರಿಗೇ ಗೊತ್ತಿರುತ್ತದೆ.

ಇನ್ನು ಸಮಯದ ಮಾತು. ಇದನ್ನೇ ನಾನು ಎಲ್ಲರಿಗೂ ಹೇಳುವುದು. ಎಲ್ಲರ ಕಾಗದವೂ ಡಿಸೆಂಬರ್ 10ರ ಸುತ್ತಮುತ್ತ ಹೋಗುತ್ತದೆ. ಅದು ಮಾನವ ಹಕ್ಕುಗಳ ದಿನ. ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿಯವರು ಪ್ರತಿ ವರ್ಷ ಜಗತ್ತಿನಾದ್ಯಂತ ಕಾಗದ ಬರೆಸುವ ಅಭಿಯಾನವೂ ಆಗಲೇ ನಡೆಯುತ್ತದೆ, 2001ರಲ್ಲಿ ಪೋಲೆಂಡಿನಲ್ಲಿ ಶುರುವಾಗಿದ್ದು. (ಆಮ್ನೆಸ್ಟಿಯ ಭಾರತದ ಕಚೇರಿ ಇದ್ದದ್ದು ನಮ್ಮ ಬೆಂಗಳೂರಿನಲ್ಲೇ. 2020ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕ್ ಖಾತೆಗಳನ್ನು ತಡೆಹಿಡಿದ ಮೇಲೆ ಕೆಲಸ ನಿಂತಿತು.) ಕ್ರಿಸ್‌ಮಸ್ ಹೊತ್ತಿಗೆ ಜೈಲಿನ ಟಪಾಲು ವಿಭಾಗದಲ್ಲಿ ರಾಶಿ ಬಿದ್ದಿರುತ್ತದೆ. ಆಮೇಲೆ ಜನವರಿ ಎರಡನೇ ವಾರಕ್ಕೆ ಒಂದೂ ಬರುವುದಿಲ್ಲ. ಮಾರ್ಚ್ ಬಂದರೆ ಕೇಳುವುದೇ ಬೇಡ. ಅದಕ್ಕೇ ಹಬ್ಬಕ್ಕೆ ಒಂದು ಹಾಕಿದರೆ, ಹಬ್ಬ ಮುಗಿದ ಮೇಲೆ ತಲುಪುವ ಹಾಗೆ ಇನ್ನೊಂದು ಹಾಕಿ. ಎರಡರಲ್ಲಿ ಒಂದನ್ನೇ ಬರೆಯಲು ಸಾಧ್ಯ ಅಂದರೆ ಎರಡನೆಯದನ್ನೇ ಬರೆಯಿರಿ.

ಕಾಗದದಿಂದ ಏನಾಗುತ್ತದೆ ಅಂತ ಕೇಳುವವರಿಗೆ ನಮ್ಮೂರಿನದೇ ಒಂದು ಕತೆ ಇದೆ. ತುರ್ತು ಪರಿಸ್ಥಿತಿಯಲ್ಲಿ ಮಧು ದಂಡವತೆ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದರು. ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಡಾ ಜೈಲಿನಲ್ಲಿ. ಇಬ್ಬರೂ ಸಮಾಜವಾದಿಗಳು. ಎರಡು ಜೈಲುಗಳ ನಡುವೆ ತಿಂಗಳುಗಟ್ಟಲೆ ಅವರ ಕಾಗದ ಓಡಾಡಿದವು, ಎರಡೂ ಕಡೆ ಸೆನ್ಸಾರ್ ಕಣ್ಣು ತಪ್ಪಿಸದೆ. ಕವಿತೆ, ಸಂಗೀತ, ಓದಿದ ಪುಸ್ತಕ, ಮಗನ ಚಿಂತೆ. ಅದೇ ಬೆಂಗಳೂರು ಜೈಲಿನಲ್ಲಿ ಸ್ನೇಹಲತಾ ರೆಡ್ಡಿ ಇದ್ದರು. ನಟಿ, ರಂಗಕರ್ಮಿ. 1976ರ ಮೇ ತಿಂಗಳಲ್ಲಿ ಹಿಡಿದರು. ಆಸ್ತಮಾ ಇತ್ತು, ಒಳಗೆ ಅದು ಕೆಟ್ಟದಾಯಿತು, ಆ ವರ್ಷದ ದೀಪಾವಳಿ, ಕ್ರಿಸ್‌ಮಸ್ ಎಲ್ಲ ಒಳಗೇ ಕಳೆಯಿತು. 1977ರ ಜನವರಿ 15ರಂದು, ಸಂಕ್ರಾಂತಿಯ ಆಸುಪಾಸು, ಪೆರೋಲ್ ಮೇಲೆ ಬಿಟ್ಟರು. ಜನವರಿ 20ಕ್ಕೆ ತೀರಿಕೊಂಡರು. ಆ ಜೈಲೇ ಇವತ್ತಿನ ಫ್ರೀಡಂ ಪಾರ್ಕ್. ಬೆಂಗಳೂರಿನಲ್ಲಿ ಪ್ರತಿಭಟನೆ ಮಾಡಬೇಕು ಅಂದರೆ ಈಗ ಅಲ್ಲಿಗೇ ಹೋಗಬೇಕು ಅನ್ನುವುದು ಯಾರ ತಮಾಷೆಯೋ ಗೊತ್ತಿಲ್ಲ.

ಕಾಗದ ನಿಂತಾಗ ಅದರ ಬೆಲೆ ಗೊತ್ತಾಗುತ್ತದೆ. ಬೆಲಾರೂಸ್‌ನಲ್ಲಿ ಮರಿಯಾ ಕಲೆಸ್ನಿಕವಾ ಅಂತ ಕೊಳಲು ನುಡಿಸುವವರು, 2020ರ ಪ್ರತಿಭಟನೆಗಳ ಮುಂದಾಳು. 2023ರ ಫೆಬ್ರುವರಿಯಿಂದ 2024ರ ನವೆಂಬರ್‌ವರೆಗೆ ಮನೆಯವರಿಗೆ ಅವರಿಂದ ಒಂದು ಸಾಲೂ ಬರಲಿಲ್ಲ. ಬದುಕಿದ್ದಾರಾ ಅಂತಲೂ ಗೊತ್ತಿರಲಿಲ್ಲ. ಹೊರಗಿನವರು ಮಾತ್ರ ಬರೆಯುವುದು, ಕೇಳುವುದು ಬಿಡಲಿಲ್ಲ. 2025ರ ಡಿಸೆಂಬರ್‌ನಲ್ಲಿ ನೊಬೆಲ್ ಪಡೆದ ಅಲೆಸ್ ಬಿಯಾಲ್ಯಾಟ್ಸ್ಕಿ ಜೊತೆ ಅವರನ್ನೂ ಬಿಟ್ಟರು. ಕಾಗದದಿಂದ ಬಿಟ್ಟರು ಅಂತ ನಾನು ಹೇಳುತ್ತಿಲ್ಲ, ಅದು ಅಮೆರಿಕದ ಜೊತೆಗಿನ ವ್ಯವಹಾರ. ಆದರೆ ಯಾರನ್ನು ಬಿಡಬೇಕು ಅನ್ನುವ ಪಟ್ಟಿಯಲ್ಲಿ ಇರಬೇಕಾದರೆ ಮೊದಲು ಹೆಸರು ಜನರ ಬಾಯಲ್ಲಿ ಇರಬೇಕು.

ಜಾಮೀನು ಸಿಕ್ಕಿತು ಅಂದ ಕೂಡಲೇ ನಾವು ಮರೆತುಬಿಡುತ್ತೇವೆ. ಇದೂ ನನಗೆ ಸಿಟ್ಟು ಬರಿಸುವ ವಿಷಯ. ಸುಧಾ ಭಾರದ್ವಾಜ್ 2021ರ ಡಿಸೆಂಬರ್ 9ಕ್ಕೆ ಹೊರಗೆ ಬಂದರು, ಮೂರು ವರ್ಷಕ್ಕೂ ಜಾಸ್ತಿ ಒಳಗಿದ್ದು. ಛತ್ತೀಸ್‌ಗಢದ ಕಾರ್ಮಿಕರ ನಡುವೆ ಜೀವಮಾನ ಕಳೆದವರಿಗೆ ಮುಂಬೈ ಬಿಟ್ಟು ಹೋಗಬಾರದು ಅನ್ನುವ ಷರತ್ತು. ಅದೇ ಕೇಸಿನ ತೆಲುಗು ಕವಿ ವರವರ ರಾವ್ ಅವರಿಗೂ ಹಾಗೆಯೇ, ಮನೆ ಹೈದರಾಬಾದಿನಲ್ಲಿ, ಇರಬೇಕಾದದ್ದು ಮುಂಬೈನಲ್ಲಿ, ಅದೂ ಎಂಬತ್ತು ದಾಟಿದ ವಯಸ್ಸಿನಲ್ಲಿ. ಗೊತ್ತಿಲ್ಲದ ಊರಿನಲ್ಲಿ, ಕೇಸಿನ ಹೆಸರು ಕೇಳಿದರೆ ಬಾಡಿಗೆಗೆ ಮನೆ ಯಾರು ಕೊಡುತ್ತಾರೆ? ಕೆಲಸ? ಹಬ್ಬಕ್ಕೆ ಊಟಕ್ಕೆ ಕರೆಯುವವರು ಯಾರು? ಇಂಥವರು ನಿಮ್ಮ ಊರಿನಲ್ಲೂ ಇರಬಹುದು. ಕಾಗದ ಬರೆಯುವ ಕಷ್ಟವೂ ಇಲ್ಲ, ಮನೆಗೆ ಕರೆದು ಒಂದು ಒಬ್ಬಟ್ಟು ಹಾಕಿ ಸಾಕು.

ಮನೆಯವರ ವಿಷಯವೂ ಅಷ್ಟೇ. ದೆಹಲಿ, ಕೇರಳ, ಹೈದರಾಬಾದ್, ನಾಗಪುರದಿಂದ ನವಿ ಮುಂಬೈಗೆ ಬಂದು, ಸಾಲಿನಲ್ಲಿ ನಿಂತು, ಗಾಜಿನ ಆಚೆ ಕೂತವರ ಜೊತೆ ಫೋನ್ ಹಿಡಿದು ಹದಿನೈದು ಇಪ್ಪತ್ತು ನಿಮಿಷ ಮಾತಾಡಿ ವಾಪಸ್ ಹೋಗುವ ಕುಟುಂಬಗಳು. ಹಬ್ಬದ ಹೊತ್ತಿಗೆ ರೈಲು ಟಿಕೆಟ್ ಸಿಗುವುದಿಲ್ಲ. ನಂಟರು ಕರೆಯುವುದನ್ನು ಮೆಲ್ಲಗೆ ಬಿಟ್ಟಿರುತ್ತಾರೆ. "ಕೇಸು ಏನಾಯ್ತು" ಅನ್ನುವ ಪ್ರಶ್ನೆಯನ್ನು ಅವರಿಗೆ ದಿನಕ್ಕೆ ಹತ್ತು ಜನ ಕೇಳುತ್ತಾರೆ. ನೀವು ಅದನ್ನು ಕೇಳದೆ ಟಿಕೆಟ್ ಮಾಡಿಸಿಕೊಡಿ, ಮಕ್ಕಳನ್ನು ಒಂದು ಮಧ್ಯಾಹ್ನ ನೋಡಿಕೊಳ್ಳಿ.

ಮತ್ತೆ ಸ್ಟ್ಯಾನ್ ಸ್ವಾಮಿ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಒಂದು ಮಾತು ಉಳಿದಿದೆ. ಜೈಲಿನಲ್ಲಿ ನೂರು ದಿನ ತುಂಬಿದಾಗ, 2021ರ ಜನವರಿಯಲ್ಲಿ, ಅವರೊಂದು ಸಂದೇಶ ಬರೆದರು. ಪಂಜರದ ಹಕ್ಕಿಯೂ ಹಾಡಬಲ್ಲದು ಅನ್ನುವ ಅದರ ಕೊನೆಯ ಮಾತು ಎಲ್ಲೆಲ್ಲೂ ಹರಿದಾಡಿತು. ಅದಕ್ಕೂ ಮೊದಲಿನ ಸಾಲುಗಳನ್ನು ಜನ ಅಷ್ಟಾಗಿ ಹಂಚಲಿಲ್ಲ. ಹೊರಗಿನವರ ಬೆಂಬಲದ ಸುದ್ದಿ ಕೇಳಿ ಬಲ ಬಂತು ಅಂತ ಬರೆದಿದ್ದರು. ಜೊತೆಗೆ, ತನ್ನ ಸುತ್ತ ಇರುವ ವಿಚಾರಣಾಧೀನ ಬಡ ಕೈದಿಗಳ ಬಗ್ಗೆ ಬರೆದಿದ್ದರು. ತಮ್ಮ ಮೇಲೆ ಯಾವ ಆರೋಪ ಇದೆ ಅಂತಲೇ ಅವರಿಗೆ ಗೊತ್ತಿಲ್ಲ, ಚಾರ್ಜ್‌ಶೀಟ್ ನೋಡಿಲ್ಲ, ವಕೀಲರಿಲ್ಲ, ವರ್ಷಗಟ್ಟಲೆ ಹಾಗೇ ಇದ್ದಾರೆ ಅಂತ. ಅವರು ಆ ಜುಲೈ 5ಕ್ಕೆ ಆಸ್ಪತ್ರೆಯಲ್ಲಿ ತೀರಿಕೊಂಡರು, ಜಾಮೀನು ಸಿಗದೆ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5.73 ಲಕ್ಷ ಜನ ಇದ್ದರು. ಅದರಲ್ಲಿ 4.34 ಲಕ್ಷ, ಅಂದರೆ ನಾಲ್ವರಲ್ಲಿ ಮೂವರು, ಇನ್ನೂ ವಿಚಾರಣೆಯಲ್ಲಿದ್ದವರು. ಹೆಸರಾದ ಹೋರಾಟಗಾರರಿಗೆ ನೀವು ನಾನು ಬರೆಯುತ್ತೇವೆ. ಪಕ್ಕದ ಚಾಪೆಯವನಿಗೆ ಯಾರೂ ಬರೆಯುವುದಿಲ್ಲ. ಎಷ್ಟೋ ಜನಕ್ಕೆ ಜಾಮೀನು ಆಗಿರುತ್ತದೆ, ಶ್ಯೂರಿಟಿ ನಿಲ್ಲಲು ಪಹಣಿ ಇರುವ ಒಬ್ಬರು ಸಿಗದೆ ಒಳಗೇ ಇರುತ್ತಾರೆ. ನನ್ನ ವಕೀಲೆ ಗೆಳತಿ ಪ್ರತಿ ವರ್ಷ ಬೈಯುವುದು ಇದಕ್ಕೇ: ಕಾರ್ಡ್ ಬರೆಯಲು ಮೂವತ್ತು ಜನ ಬರುತ್ತೀರಿ, ಶ್ಯೂರಿಟಿ ಅಂದರೆ ಎಲ್ಲರಿಗೂ ಫೋನ್ ಬರುತ್ತದೆ ಅಂತ. ಬೈಗುಳ ಸರಿಯಾಗಿಯೇ ಇದೆ. ಶ್ಯೂರಿಟಿ ನಿಲ್ಲುವುದು ಸಣ್ಣ ವಿಷಯ ಅಲ್ಲ, ಆ ಮನುಷ್ಯ ಕೋರ್ಟಿಗೆ ಬಾರದಿದ್ದರೆ ನಿಮ್ಮ ಆಸ್ತಿಗೆ ಬರುತ್ತದೆ, ಅದನ್ನು ಮುಚ್ಚಿಟ್ಟು ಹೇಳುವುದು ತಪ್ಪು. ಆಗದವರು ಹೊರಗಡೆ ಕಾನೂನು ನೆರವು ಕೊಡುವ ವಕೀಲರಿಗೆ ಜೆರಾಕ್ಸ್ ಖರ್ಚು, ಬಸ್ ಚಾರ್ಜ್ ಕೊಡಬಹುದು. ಚಾರ್ಜ್‌ಶೀಟ್ ಅಂದರೆ ಕೆಲವು ಕೇಸಿನಲ್ಲಿ ಸಾವಿರಾರು ಪುಟ.

ಕಾಗದದ ಕೊನೆಗೆ ಒಂದು ಸಾಲು ಸೇರಿಸಿ ಅಂತ ಅದೇ ಗೆಳತಿ ಹೇಳಿಕೊಟ್ಟಳು, ನಾನೀಗ ಪ್ರತಿ ಸಲ ಬರೆಯುತ್ತೇನೆ: "ನಿಮ್ಮ ಬ್ಯಾರಕ್‌ನಲ್ಲಿ ಕಾಗದ ಬಾರದವರು ಯಾರಾದರೂ ಇದ್ದರೆ, ಅವರು ಒಪ್ಪಿದರೆ, ಹೆಸರು ತಿಳಿಸಿ." ಒಮ್ಮೆ ಒಂದು ಹೆಸರು ಬಂತು. ಮೊಬೈಲ್ ಕಳ್ಳತನದ ಕೇಸು, ನಮ್ಮ ಕಡೆಯ ಹುಡುಗ. ಅವನಿಗೆ ಓದಲು ಬರುವುದಿಲ್ಲ, ಪಕ್ಕದವರು ಓದಿ ಹೇಳುತ್ತಾರೆ. ಆದ್ದರಿಂದ ಅಕ್ಷರ ದೊಡ್ಡದಾಗಿ ಬರೆಯಬೇಕಾಗಿಲ್ಲ, ಆದರೆ ಕ್ರಿಕೆಟ್ ಸ್ಕೋರು ಪೂರ್ತಿ ಬರೆಯಬೇಕು, ವಿಕೆಟ್ ಯಾರು ತೆಗೆದರು ಅಂತ ಹೆಸರು ಸಮೇತ.

ಕ್ರಿಸ್‌ಮಸ್ ದಿನ ಅಂಚೆ ಕಚೇರಿ ಇರುವುದಿಲ್ಲ. ಈ ವಾರವೇ ಒಂದು ಹಾಕಿ. ಇನ್ನೊಂದನ್ನು ಈಗಲೇ ಬರೆದು ಸಂಕ್ರಾಂತಿ ಎಳ್ಳು ಬೀರಲು ಹೋಗುವ ದಾರಿಯಲ್ಲಿ ಡಬ್ಬಿಗೆ ಹಾಕಿ, ಆಮೇಲೆ ಬರೆಯೋಣ ಅಂದರೆ ಆಗುವುದಿಲ್ಲ.